ಕಿವಿಯ ಬುಡದಲ್ಲಿ ಒಂದು ಹೆಸರು

ಜೂನ್ ೩

ಲಾಯದ ಯಜಮಾನರಿಗೆ ನಮಸ್ಕಾರ.

ನನ್ನ ಪರಿಚಯ ನಿಮಗಿಲ್ಲ. ನಾನು ಸಸಿ ಮಾರುವವಳು. ಅಣ್ಣನೂ ನಾನೂ ಸೇರಿ ಒಂದು ನರ್ಸರಿ ನಡೆಸುತ್ತೇವೆ. ನಿಮ್ಮ ಲಾಯದಲ್ಲಿ ಹುಟ್ಟಿದ ಕುದುರೆಯೊಂದು ಈಗ ನನ್ನ ಹತ್ತಿರ ಇದೆ. ಹೆಣ್ಣು, ಕಂದು ಬಣ್ಣ, ಒಂಬತ್ತು ವರ್ಷ. ಹಿಂದಿನ ಬಲಗಾಲಿಗೆ ಮಾತ್ರ ಯಾರೋ ಬಿಳಿ ಕಾಲುಚೀಲ ಹಾಕಿ, ಉಳಿದ ಮೂರಕ್ಕೆ ಹಾಕಲು ಮರೆತ ಹಾಗಿದೆ. ಈಗ ನಿಮಗೆ ನೆನಪು ಬಂದಿರಬೇಕು.

ಸವಾರಿ ಕಲಿಸುವ ಶಾಲೆಯೊಂದು ಮುಚ್ಚಿದಾಗ ದಲ್ಲಾಳಿಯೊಬ್ಬ ಇವಳನ್ನು ನಮಗೆ ತಂದುಕೊಟ್ಟ. ಜೊತೆಗೆ ಬಂದ ಕಾಗದದಲ್ಲಿ ಹುಟ್ಟಿದ ಸ್ಥಳ ಎಂಬಲ್ಲಿ ನಿಮ್ಮ ವಿಳಾಸವಿತ್ತು. ಹೆಸರು ಎಂಬಲ್ಲಿ ಬರೀ ಗೀಟು. ದೋಷ ಎಂಬಲ್ಲಿ 'ಕಿವುಡು' ಎಂದು ಬರೆದಿತ್ತು. ಅಷ್ಟನ್ನು ಓದಿಯೂ ತೆಗೆದುಕೊಂಡೆ. ನಮ್ಮ ಗಿರಾಕಿಗಳ ಓಣಿಗಳಿಗೆ ಟೆಂಪೊ ನುಗ್ಗುವುದಿಲ್ಲ. ಕುಂಡಗಳನ್ನು ಸಾಗಿಸಲು ಗಾಡಿ ಬೇಕು, ಗಾಡಿಗೆ ಕುದುರೆ ಬೇಕು. ಕಿವುಡಾದರೇನು, ಕಾಲು ನೆಟ್ಟಗಿದ್ದರೆ ಸಾಕು ಎಂದುಕೊಂಡೆ. ಕುದುರೆ ಕಂಡರೆ ಕಾಲುನೋವು ಅಂತಾರಲ್ಲ, ನನಗೆ ಬುದ್ಧಿಯೇ ನೋವಾಗಿತ್ತು ಎಂದು ಕಾಣುತ್ತದೆ.

ಕಷ್ಟ ಏನೆಂದರೆ, ಇವಳು ಹೊರಟರೆ ನಿಲ್ಲುವುದಿಲ್ಲ. ಲಗಾಮು ಎಳೆದರೆ ಬಾಯಿಯನ್ನು ಮುಂದಕ್ಕೆ ಒತ್ತಿ ನಡೆಯುತ್ತಲೇ ಇರುತ್ತಾಳೆ. ಶಾಲೆಯಲ್ಲಿ ಮುಂದಿನ ಕುದುರೆ ನಿಂತರೆ ಇವಳೂ ನಿಲ್ಲುತ್ತಿದ್ದಳಂತೆ. ಗಾಡಿಯ ಮುಂದೆ ಇನ್ನೊಂದು ಕುದುರೆಯನ್ನು ನಾನೆಲ್ಲಿಂದ ತರಲಿ? ಹೋದ ವಾರ ದರ್ಜಿಯ ಮನೆಗೆ ಕೊಡಬೇಕಾದ ಗುಲಾಬಿ ಕುಂಡಗಳು ಮೂರು ಬೀದಿ ದಾಟಿ, ಗುರುತೇ ಇಲ್ಲದವರ ಗೇಟಿಗೆ ಗುದ್ದಿ ಇಳಿದವು. ಅಂದು ಅಣ್ಣ ಹೇಳಿಬಿಟ್ಟ: "ಇವತ್ತು ಕುಂಡ ಒಡೀತು, ನಾಳೆ ಯಾರ್ದಾದ್ರೂ ಕಾಲು ಮುರಿಯುತ್ತೆ. ಸೆಪ್ಟೆಂಬರ್ ಮುಗಿಯೋದ್ರೊಳಗೆ ಇದು ನಿಲ್ಲೋದು ಕಲೀಬೇಕು, ಇಲ್ಲಾ ಇಲ್ಲಿಂದ ಹೋಗಬೇಕು." ಅವನ ಮಾತು ತಪ್ಪಲ್ಲ. ಆದರೆ ನಿಲ್ಲದ ಕಿವುಡು ಕುದುರೆಯನ್ನು ಕೊಳ್ಳಲು ಬರುವವರು ಗಾಡಿಗೆಂದು ಬರುವುದಿಲ್ಲ, ಚರ್ಮಕ್ಕೆಂದು ಬರುತ್ತಾರೆ. ದಲ್ಲಾಳಿ ಆಗಲೇ ಒಂದು ಸಲ ಬೇಲಿಯಾಚೆಯಿಂದ ಇವಳನ್ನು ಅಳೆದು ಹೋಗಿದ್ದಾನೆ.

ಬೆಳಿಗ್ಗೆಯಿಂದ ಸಂಜೆಯವರೆಗೆ ನಾನು ಇವಳ ಹತ್ತಿರ ಮಾತಾಡುತ್ತಿರುತ್ತೇನೆ. ಕೋಣದ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎಂದು ಅಣ್ಣ ನಗುತ್ತಾನೆ. ಆದರೂ ಇವಳನ್ನು ಕಳಿಸಲು ನನಗೆ ಮನಸ್ಸಿಲ್ಲ. ನಿಮ್ಮಲ್ಲಿದ್ದಾಗ ಇವಳನ್ನು ಹೇಗೆ ನಿಲ್ಲಿಸುತ್ತಿದ್ದಿರಿ? ಏನೆಂದು ಕರೆಯುತ್ತಿದ್ದಿರಿ? ಎರಡು ಸಾಲು ಬರೆದರೆ ಉಪಕಾರ.

ಇಲ್ಲಿ ನಾನು, ಸಸಿಗಳು, ಕುದುರೆ ಎಲ್ಲರೂ ಚೆನ್ನಾಗಿದ್ದೇವೆ, ಅಣ್ಣನ ಸಿಟ್ಟೊಂದನ್ನು ಬಿಟ್ಟು.

ಇಂತಿ,
ನರ್ಸರಿಯವಳು


ಜೂನ್ ೧೪

ನರ್ಸರಿಯಮ್ಮನವರಿಗೆ,

ಕಾಗದ ತಲುಪಿತು. ಕುದುರೆ ನಮ್ಮದೇ. ತಾಯಿ ಸತ್ತ ಮರಿ. ನಾಲ್ಕು ವರ್ಷಕ್ಕೆ ಮಾರಿದೆ. ಕಿವುಡು ಎಂದು ಹೇಳಿಯೇ ಮಾರಿದ್ದೇನೆ, ಮುಚ್ಚಿಟ್ಟಿಲ್ಲ. ಹೆಸರು ನಾನು ಇಟ್ಟಿರಲಿಲ್ಲ. ನಿಲ್ಲಿಸುವುದು ಹೇಗೆಂದು ನನಗೂ ತಿಳಿಯದು.

ಲಾಯ ಮುಚ್ಚಿ ಮೂರು ವರ್ಷವಾಯಿತು. ಈ ವಿಷಯವಾಗಿ ಇನ್ನು ಬರೆಯುವುದು ಬೇಡ.

ಲಾಯದವನು


ಜೂನ್ ೨೯

ಯಜಮಾನರಿಗೆ ಮತ್ತೆ ನಮಸ್ಕಾರ.

ಬರೆಯಬೇಡಿ ಎಂದಿದ್ದೀರಿ. ನಾನು ಬರೆಯುತ್ತಿದ್ದೇನೆ. ಸಿಟ್ಟು ಬಂದರೆ ಅರ್ಧ ಓದಿ ಹರಿದುಹಾಕಿ, ಆದರೆ ಮೊದಲರ್ಧ ಓದಿ, ಏಕೆಂದರೆ ವಿಷಯ ಅಲ್ಲೇ ಇದೆ.

ಕಾಳಿನ ಡಬ್ಬವನ್ನು ನಾವು ಗೋಡೆಯ ಆಚೆ, ಗೊಬ್ಬರದ ಕೋಣೆಯಲ್ಲಿ ಇಡುತ್ತೇವೆ. ಮೊನ್ನೆ ಅಣ್ಣ ಅದರ ಮುಚ್ಚಳ ತೆಗೆದ. ನಾನು ಈಚೆ ಇವಳ ಬೆನ್ನು ಉಜ್ಜುತ್ತಿದ್ದೆ. ಇವಳ ಎರಡು ಕಿವಿಯೂ ಗೋಡೆಯ ಕಡೆ ತಿರುಗಿದವು. ಗಾಳಿ ಆ ಕಡೆಯಿಂದ ಬರುತ್ತಿರಲಿಲ್ಲ, ವಾಸನೆ ಎನ್ನುವಂತಿಲ್ಲ. ಮಾರನೆಯ ದಿನ ಖಾಲಿ ಡಬ್ಬದ ಮುಚ್ಚಳ ತೆಗೆಸಿದೆ. ಮತ್ತೆ ತಿರುಗಿದವು. ಆಮೇಲೆ ಇವಳ ಬೆನ್ನ ಹಿಂದೆ ನಿಂತು ತಗಡು ಬಡಿದೆ, ಚಪ್ಪಾಳೆ ತಟ್ಟಿದೆ, ನನಗೆ ಬರುವ ಬೈಗುಳವನ್ನೆಲ್ಲ ಬೈದೆ. ಊಹೂಂ, ಒಂದು ಕೂದಲೂ ಅಲುಗಲಿಲ್ಲ. ಎದುರು ಮನೆಯವರು ಮಾತ್ರ ಕಿಟಕಿ ಮುಚ್ಚಿಕೊಂಡರು.

ಮುಚ್ಚಳ ಕೇಳುವ ಕಿವಿಗೆ ತಗಡು ಕೇಳುವುದಿಲ್ಲವೇ? ಇವಳು ಕಿವುಡಿಯಲ್ಲ, ಯಜಮಾನರೇ. ಕೇಳಿಸುತ್ತದೆ, ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಅಷ್ಟೇ. ಸದ್ದೆಂದರೆ ಏನೂ ಅಲ್ಲ ಎಂದು ಇವಳಿಗೆ ಯಾರೋ ಕಲಿಸಿದ್ದಾರೆ. ತಾಯಿ ಸತ್ತ ಮರಿ ಎಂದಿರಿ. ಹಾಗಾದರೆ ಇವಳಿಗೆ ಹಾಲು ಕುಡಿಸಿದವರು ಯಾರು? ಹೆಸರು ನಾನು ಇಟ್ಟಿರಲಿಲ್ಲ ಎಂದೂ ಬರೆದಿದ್ದೀರಿ. ಇಟ್ಟವರು ಯಾರು?

ಇಂತಿ,
ಅದೇ ನರ್ಸರಿಯವಳು


ಆಗಸ್ಟ್ ೨೦

ನರ್ಸರಿಯಮ್ಮನವರಿಗೆ,

ನಿಮ್ಮ ಕಾಗದವನ್ನು ಹರಿಯಲಿಲ್ಲ. ಉತ್ತರಿಸಲು ಎರಡು ತಿಂಗಳು ಬೇಕಾಯಿತು, ಕ್ಷಮಿಸಿ.

ಆ ಮರಿಯನ್ನು ಸಾಕಿದವಳು ನನ್ನ ಮಗಳು. ಒಬ್ಬಳೇ ಮಗಳು. ಹುಟ್ಟಿನಿಂದ ಅವಳಿಗೆ ಕಿವಿ ಕೇಳುವುದಿಲ್ಲ, ಮಾತೂ ಬರುವುದಿಲ್ಲ. ಅವಳ ಕೈಮಾತನ್ನು ನನ್ನ ಹೆಂಡತಿ ಕಲಿತಿದ್ದಳು. ನಾನು ಕಲಿಯಲಿಲ್ಲ. ಕೆಲಸ ಬಹಳ ಇತ್ತು ಎಂದು ಹೇಳಿಕೊಳ್ಳುತ್ತಿದ್ದೆ. ನನಗೂ ಮಗಳಿಗೂ ನಡುವೆ ಎಲ್ಲ ಮಾತೂ ಹೆಂಡತಿಯ ಕೈಯಿಂದಲೇ ಆಗುತ್ತಿತ್ತು. ಅವಳು ತೀರಿಕೊಂಡ ಮೇಲೆ ನಾವಿಬ್ಬರೂ ಒಂದು ಸ್ಲೇಟು ಇಟ್ಟುಕೊಂಡೆವು. ಅದರಲ್ಲಿ ಊಟ, ಬಾಗಿಲು, ಹುಲ್ಲು, ನಾಳೆ ಇಂಥ ಮಾತುಗಳಷ್ಟೇ ಇರುತ್ತಿದ್ದವು.

ಆ ವರ್ಷವೇ ಮರಿ ಹುಟ್ಟಿದ್ದು, ಅದರ ತಾಯಿ ಸತ್ತದ್ದು. ಮಗಳು ಅದನ್ನು ಹಿಂದಿನ ಕೊಟ್ಟಿಗೆಗೆ ಕಟ್ಟಿಕೊಂಡು ಬಾಟಲಿಯಲ್ಲಿ ಹಾಲು ಕುಡಿಸಿದಳು. ನಾಲ್ಕು ವರ್ಷ ಬೇರೆ ಯಾರೂ ಮುಟ್ಟಲಿಲ್ಲ. ನಾನು ಪಳಗಿಸಲು ಹೋದಾಗ ಅದು ನನ್ನ ಒಂದು ಮಾತನ್ನೂ ಕೇಳಲಿಲ್ಲ. ತಗಡು ಬಡಿದು ನೋಡಿದೆ, ನಿಮ್ಮ ಹಾಗೆಯೇ. ಕಿವುಡು ಎಂದು ತೀರ್ಮಾನಿಸಿದೆ.

ನಿಮ್ಮ ಮುಚ್ಚಳದ ವಿಷಯ ಓದಿದ ಮೇಲೆ ಹಿಂದಿನ ಕೊಟ್ಟಿಗೆಗೆ ಹೋಗಿ ಕೂತೆ. ಆಗ ಹೊಳೆಯಿತು. ಕಿವಿ ಕೇಳದವಳಿಗೆ ತಾನು ಮಾಡುವ ಸದ್ದು ಗೊತ್ತಾಗುವುದಿಲ್ಲ. ನನ್ನ ಮಗಳು ಬಕೆಟ್ ಎಸೆಯುತ್ತಿದ್ದಳು, ಬಾಗಿಲನ್ನು ದಡಾರನೆ ಹಾಕುತ್ತಿದ್ದಳು, ಸಲಿಕೆಯನ್ನು ಕಲ್ಲಿನ ಮೇಲೆ ಎಳೆಯುತ್ತಿದ್ದಳು. ನಮ್ಮನೇಲಿ ಮಾತಾಡದೋಳ್ದೇ ಹೆಚ್ಚು ಗಲಾಟೆ ಎಂದು ಅವಳ ತಾಯಿ ನಗುತ್ತಿದ್ದಳು. ಆ ಮರಿ ಹುಟ್ಟಿದ್ದೇ ಆ ಗಲಾಟೆಯಲ್ಲಿ. ಅದಕ್ಕೆ ಯಾವ ಸದ್ದಿಗೂ ಅರ್ಥವಿರಲಿಲ್ಲ, ಊಟದ ಮುಚ್ಚಳವೊಂದನ್ನು ಬಿಟ್ಟು. ನಲವತ್ತು ವರ್ಷ ಕುದುರೆ ಸಾಕಿದವನಿಗೆ ಇದು ತಿಳಿಯಲಿಲ್ಲ. ದಯವಿಟ್ಟು ಯಾರಿಗೂ ಹೇಳಬೇಡಿ.

ಇನ್ನೊಂದಿದೆ. ಸವಾರಿ ಶಾಲೆಯವನು ಕೊಳ್ಳಲು ಬಂದ ದಿನ ಅಂಗಳದಲ್ಲಿ ನಿಂತು ಏಕೆ ಮಾರುತ್ತೀರಿ ಎಂದು ಕೇಳಿದ. ನಾನು, "ಕಿವುಡು. ಏನ್ ಹೇಳಿದ್ರೂ ತಲೆಗೆ ಹೋಗಲ್ಲ. ಇಂಥದ್ದು ನಮ್ಮನೆಗೆ ಬೇಡ" ಎಂದೆ. ತಲೆಯೆತ್ತಿದರೆ ಎದುರಿನ ಕಿಟಕಿಯಲ್ಲಿ ಮಗಳು ನಿಂತಿದ್ದಳು. ತುಟಿ ನೋಡಿ ಮಾತು ತಿಳಿಯುವುದರಲ್ಲಿ ಅವಳು ಬಹಳ ಚುರುಕು. ಕುದುರೆಯ ವಿಷಯ ಎಂದು ಅವಳಿಗೆ ಗೊತ್ತಿದ್ದೀತು. ಆದರೆ ನಾನು ಹೇಳಿದ್ದರಲ್ಲಿ ಕುದುರೆ ಎಂಬ ಮಾತೇ ಇರಲಿಲ್ಲ.

ವಾರದೊಳಗೆ ಅವಳು ನನ್ನ ತಂಗಿಯ ಊರಿಗೆ ಹೊರಟುಹೋದಳು. ಐದು ವರ್ಷವಾಯಿತು. ಅವಳೂ ಬರೆದಿಲ್ಲ, ನಾನೂ ಬರೆದಿಲ್ಲ. ಏನೆಂದು ಬರೆಯಲಿ? ಅವಳು ಹೋದ ಮೇಲೆ ಮೀಸೆ ಬಿಟ್ಟೆ, ತುಟಿ ಮುಚ್ಚುವಷ್ಟು. ಇನ್ನು ಯಾರೂ ಇದನ್ನು ಓದದಿರಲಿ ಎಂದು.

ಕುದುರೆಯನ್ನು ನಿಲ್ಲಿಸುವುದು ಅವಳೊಬ್ಬಳಿಗೇ ಗೊತ್ತು. ವಿಳಾಸ ಕೆಳಗೆ ಬರೆದಿದ್ದೇನೆ. ನಾನು ಕೊಟ್ಟೆನೆಂದು ಹೇಳಬೇಡಿ. ಹೇಳಿದರೆ ಅವಳು ಉತ್ತರ ಬರೆಯದೇ ಇರಬಹುದು, ಆಗ ಕುದುರೆಗೆ ಕಷ್ಟ.

ಲಾಯದವನು


ಆಗಸ್ಟ್ ೨೭

ಇನ್ನೂ ನೋಡದ ತಂಗಿಗೆ,

ಹಿಂದಿನ ಬಲಗಾಲಿಗೆ ಬಿಳಿ ಕಾಲುಚೀಲ ಹಾಕಿಕೊಂಡಿರುವ ಕಂದು ಕುದುರೆಯೊಂದು ನನ್ನ ನರ್ಸರಿಯಲ್ಲಿದೆ. ಅವಳನ್ನು ಬಾಟಲಿ ಹಾಲು ಕೊಟ್ಟು ಸಾಕಿದವಳು ನೀನು ಎಂದು ತಿಳಿಯಿತು. ಅವಳು ಬದುಕಿದ್ದಾಳೆ, ಚೆನ್ನಾಗಿದ್ದಾಳೆ, ಲಾಳ ಹೊಸದು. ಇದನ್ನು ಮೊದಲು ಹೇಳಬೇಕು ಅನ್ನಿಸಿತು.

ಎಲ್ಲರೂ ಅವಳನ್ನು ಕಿವುಡಿ ಎಂದುಕೊಂಡಿದ್ದರು. ಅಲ್ಲ ಎಂದು ಈಗ ಗೊತ್ತಾಗಿದೆ. ಆದರೆ ಗಾಡಿಗೆ ಕಟ್ಟಿದರೆ ನಿಲ್ಲುವುದಿಲ್ಲ. ಸೆಪ್ಟೆಂಬರ್ ಕೊನೆಯೊಳಗೆ ನಿಲ್ಲದಿದ್ದರೆ ಅವಳನ್ನು ಇಟ್ಟುಕೊಳ್ಳಲು ನನ್ನ ಕೈಲಾಗದು. ನೀನು ಅವಳಿಗೆ ನಿಲ್ಲು ಎಂದು ಹೇಗೆ ಹೇಳುತ್ತಿದ್ದೆ? ಅವಳ ಹೆಸರೇನು? ನಾನು ಬಾಯಿಬಡುಕಿ, ಮೂರು ತಿಂಗಳಿಂದ ಅವಳ ಕಿವಿ ತಿಂದಿದ್ದೇನೆ. ಕೈಯಿಂದ ಹೇಳುವುದನ್ನು ನನಗೂ ಕಲಿಸು.

ನಿನ್ನ ಅಕ್ಕನ ವಯಸ್ಸಿನ,
ನರ್ಸರಿಯವಳು


ಸೆಪ್ಟೆಂಬರ್ ೬

ಅಕ್ಕಾ,

ನಿಮ್ಮ ಕಾಗದವನ್ನು ಬೈಂಡಿಂಗ್ ಅಂಗಡಿಯಲ್ಲಿ ಓದಿದೆ. ನಾನು ಇಲ್ಲಿ ಪುಸ್ತಕ ಹೊಲಿಯುತ್ತೇನೆ. ಕಾಗದ ಕತ್ತರಿಸುವ ಯಂತ್ರದ ಪಕ್ಕ ಕೂರಲು ಎಲ್ಲರಿಗೂ ತಲೆನೋವಂತೆ, ಆ ಜಾಗ ಕಾಯಂ ಆಗಿ ನನ್ನದು. ಓದಿ ಅತ್ತೆ. ಹೊಲಿಯಲು ಮಡಚಿಟ್ಟಿದ್ದ ಎರಡು ಫಾರಂ ಹಾಳೆಗಳು ಒದ್ದೆಯಾದವು, ಮೇಸ್ತ್ರಿ ಬೈದರು, ನಾನು ಬೇರೆ ಕಡೆ ನೋಡಿದೆ. ನಾನು ನೋಡದಿದ್ದರೆ ಬೈಗುಳ ನನಗೆ ತಲುಪುವುದಿಲ್ಲ.

ಅವಳು ಎಲ್ಲಿದ್ದಾಳೋ, ಇದ್ದಾಳೋ ಇಲ್ಲವೋ ಎಂದು ಐದು ವರ್ಷ ಯೋಚಿಸಿದ್ದೇನೆ.

ಈಗ ಸರಿಯಾಗಿ ಓದಿಕೊಳ್ಳಿ. ನಡೆ ಎನ್ನಲು ಎಡ ಹೆಗಲಿನ ಮೇಲೆ ಬೆರಳ ಗೆಣ್ಣಿನಿಂದ ಎರಡು ಸಲ ಬಡಿಯಬೇಕು. ನಿಲ್ಲು ಎನ್ನಲು ಅದೇ ಜಾಗದಲ್ಲಿ ಅಂಗೈ ಇಟ್ಟು ತೆಗೆಯದೆ ಒತ್ತಬೇಕು. ಅವಳು ನಿಂತ ಮೇಲೂ ಮೂರು ಉಸಿರು ಒತ್ತಿಯೇ ಇರಬೇಕು, ಬೇಗ ತೆಗೆದರೆ ತಮಾಷೆ ಎಂದುಕೊಂಡು ಮತ್ತೆ ಹೊರಡುತ್ತಾಳೆ. ಗಾಡಿಯ ಮೇಲಿಂದ ಕೈ ಎಟುಕುವುದಿಲ್ಲ. ಉದ್ದ ಕೋಲಿನ ತುದಿಗೆ ಬಟ್ಟೆ ಸುತ್ತಿ, ಅಂಗೈ ಅಗಲದ ಗಂಟು ಮಾಡಿ. ಮೊದಲ ವಾರ ನೆಲದ ಮೇಲೆ ಅವಳ ಪಕ್ಕದಲ್ಲೇ ನಡೆದು ಕೈಯಿಂದ ಹೇಳಿ, ಆಮೇಲೆ ಕೋಲಿನಿಂದ. ಕೈಯಿಂದ ಹೇಳುವಾಗ ಬಾಯಲ್ಲೂ ಹೇಳುತ್ತಿರಿ. ಅವಳು ನಿಮ್ಮ ಭಾಷೆಯನ್ನೂ ಕಲಿಯಲಿ. ನನ್ನ ಹತ್ತಿರ ಅದೊಂದು ಇರಲಿಲ್ಲ, ಕೊಡಲಿಲ್ಲ.

ಅವಳಿಗೆ ಹೆಸರಿದೆ. ಬರೆಯಲು ಬರುವುದಿಲ್ಲ, ಅಷ್ಟೇ. ಎಡಗಿವಿಯ ಬುಡದಲ್ಲಿ, ಕೂದಲು ಸುಳಿ ತಿರುಗಿರುವ ಕಡೆ, ಹೆಬ್ಬೆರಳನ್ನು ಇಟ್ಟು ಒಂದು ಸುತ್ತು ತಿರುಗಿಸಿ. ಅದೇ ಅವಳ ಹೆಸರು. ಸುಮ್ಮಸುಮ್ಮನೆ ಕರೆಯಬೇಡಿ, ಬೇಕಾದಾಗ ಮಾತ್ರ ಕರೆಯಿರಿ.

ನನ್ನ ವಿಳಾಸ ಯಾರು ಕೊಟ್ಟರೆಂದು ನೀವು ಬರೆದಿಲ್ಲ. ಅದು ಗೊತ್ತಿರುವವರು ಇಬ್ಬರೇ. ಸೋದರತ್ತೆ ಕೊಟ್ಟಿಲ್ಲ, ಕೇಳಿದೆ. ಅಪ್ಪ ಕ್ಷೇಮವೇ ಎಂದು ನಾನು ಕೇಳುತ್ತಿಲ್ಲ. ನನ್ನನ್ನು ನೋಡಲು ಬರುತ್ತೇನೆಂದು ಒಮ್ಮೊಮ್ಮೆ ಅತ್ತೆಯ ಹತ್ತಿರ ಹೇಳುತ್ತಾರಂತೆ. ಬಾಯಿ ಕಾಣದಷ್ಟು ಮೀಸೆ ಬಿಟ್ಟಿದ್ದಾರೆಂದೂ ಅತ್ತೆಯೇ ಹೇಳಿದರು. ಬಂದು ಏನು ಪ್ರಯೋಜನ ಅಕ್ಕಾ? ಕೈಮಾತು ಅವರಿಗೆ ಬರುವುದಿಲ್ಲ, ಬಾಯಿಮಾತು ನನಗೆ ಕಾಣುವುದಿಲ್ಲ. ನಾನು ಕಡೆಗೆ ಓದಿದ ಅವರ ಮಾತು ಒಂದೇ, ಅದು ಹಾಗೇ ಉಳಿದಿದೆ.

ಬೈಂಡಿಂಗ್ ಅಂಗಡಿಯವಳು


ಸೆಪ್ಟೆಂಬರ್ ೩೦

ಯಜಮಾನರಿಗೆ,

ನಿಂತಳು.

ಎರಡು ವಾರ ನಾನು ಅವಳ ಪಕ್ಕದಲ್ಲಿ ನಡೆದೇ ನಡೆದೆ. ನನ್ನ ಚಪ್ಪಲಿ ಸವೆಯಿತು, ಅವಳ ಲಾಳ ಸವೆಯಲಿಲ್ಲ. ಮೊದಲ ದಿನ ಅಂಗೈ ಒತ್ತಿದಾಗ ಅವಳು ತಲೆ ತಿರುಗಿಸಿ ನನ್ನ ಮುಖ ನೋಡಿದಳು. ಐದು ವರ್ಷದಿಂದ ಅವಳ ಹತ್ತಿರ ಯಾರೂ ಮಾತಾಡಿರಲಿಲ್ಲ ಎಂದು ನನಗೆ ಆಗ ಗೊತ್ತಾಯಿತು. ಇಂದು ಬೆಳಿಗ್ಗೆ ಗಾಡಿಗೆ ಕಟ್ಟಿ ದರ್ಜಿಯ ಓಣಿಗೆ ಹೊಡೆದೆವು. ಅಣ್ಣ ಓಣಿಯ ನಡುವೆ ಎರಡೂ ಕೈ ಚಾಚಿ ಬೇಲಿಯ ಕಂಬದ ಹಾಗೆ ನಿಂತ. ಮುಖ ಬಿಳಿಚಿಕೊಂಡಿತ್ತು, ಆದರೂ ನಿಂತ. ನಾನು ಗಂಟು ಕಟ್ಟಿದ ಕೋಲನ್ನು ಹೆಗಲಿಗೆ ಒತ್ತಿ ನಿಲ್ಲು ಎಂದೆ. ಅವನಿಂದ ನಾಲ್ಕು ಹೆಜ್ಜೆ ಈಚೆ ನಿಂತಳು. ಮೂರು ಉಸಿರು ಒತ್ತಿದೆ. ನಾಲ್ಕನೆಯದನ್ನು ಅಣ್ಣನಿಗೋಸ್ಕರ ಒತ್ತಿದೆ. "ಇರ್ಲಿ ಬಿಡು, ಮನೆಯೋಳೇ ಆದ್ಲು" ಎಂದ. ಸಂಜೆ ನೋಡಿದರೆ ಕದ್ದುಮುಚ್ಚಿ ಅವಳ ಕಿವಿಯ ಬುಡ ತಿಕ್ಕುತ್ತಿದ್ದ. ದಲ್ಲಾಳಿಗೆ ಇನ್ನು ಈ ಕಡೆ ಬರಬೇಡ ಎಂದು ಹೇಳಿ ಕಳಿಸಿದ್ದಾನೆ.

ಇದೆಲ್ಲ ನಿಮ್ಮ ಮಗಳು ಕಲಿಸಿದ್ದು. ನೀವು ವಿಳಾಸ ಕೊಟ್ಟ ಸಂಗತಿ ನಾನು ಹೇಳಲಿಲ್ಲ, ಅವಳೇ ಕಂಡುಹಿಡಿದಳು. ಅವಳ ಕಾಗದದ ಕೊನೆಯ ಭಾಗವನ್ನು ನಿಮಗಾಗಿ ಬೇರೆ ಹಾಳೆಯಲ್ಲಿ ಬರೆದು ಇದರ ಜೊತೆ ಇಟ್ಟಿದ್ದೇನೆ. ಇದು ಚಾಡಿ ಎಂದಾದರೆ ಆಗಲಿ. ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಎಂದು ಊರಿಗೆಲ್ಲ ಗೊತ್ತು. ಅಪ್ಪ ಕ್ಷೇಮವೇ ಎಂದು ಕೇಳುತ್ತಿಲ್ಲ ಎಂದು ಬರೆದಿದ್ದಾಳೆ. ಕೇಳದಿರುವವಳು ಅದನ್ನು ಬರೆಯುವ ಶ್ರಮ ತೆಗೆದುಕೊಳ್ಳುವುದಿಲ್ಲ.

ಇಂತಿ,
ನರ್ಸರಿಯವಳು


ಅಕ್ಟೋಬರ್ ೧೧

ನರ್ಸರಿಯಮ್ಮನವರಿಗೆ,

ಭಾನುವಾರ ಬರುತ್ತೇನೆ. ಕುದುರೆ ನೋಡಲು.

ಲಾಯದವನು


ಅಕ್ಟೋಬರ್ ೨೦

ತಂಗೀ,

ನೀನು ಬಯ್ದರೂ ಸರಿ, ನೋಡಿದ್ದನ್ನು ನೋಡಿದ ಹಾಗೆ ಬರೆಯುತ್ತೇನೆ.

ಭಾನುವಾರ ಹತ್ತು ಗಂಟೆಗೆ ಗೇಟಿನ ಹತ್ತಿರ ಒಬ್ಬ ಎತ್ತರದ ಮುದುಕ ನಿಂತಿದ್ದರು. ಮುಖವೆಲ್ಲ ಬಿಸಿಲಿಗೆ ಕಪ್ಪಾಗಿತ್ತು, ಮೂಗಿನ ಕೆಳಗೆ ಮಾತ್ರ ಬಿಳುಪು. ಅಲ್ಲಿ ಎರಡು ಕಡೆ ಕೊಯ್ದುಕೊಂಡು ಕಾಗದದ ಚೂರು ಅಂಟಿಸಿಕೊಂಡಿದ್ದರು. ಯಾರು ಎಂದು ಕೇಳುವ ಅಗತ್ಯ ಬೀಳಲಿಲ್ಲ.

ಬಹಳ ಹೊತ್ತು ಕುದುರೆಯಿಂದ ದೂರವೇ ನಿಂತರು. ನಾನು ನಡೆ, ನಿಲ್ಲು ಎರಡನ್ನೂ ತೋರಿಸಿದೆ. ಹೊಸದಾಗಿ ಶಾಲೆಗೆ ಸೇರಿದವರ ಹಾಗೆ ಕೈ ಹೀಗೋ ಹಾಗೋ ಎಂದು ಕೇಳಿ ಕೇಳಿ ಕಲಿತರು. ಆಮೇಲೆ ಹೆಸರು ತೋರಿಸಿ ಎಂದರು. ತೋರಿಸಿದೆ. ಅವರು ಹೆಬ್ಬೆರಳಿಟ್ಟು ಒಂದು ಸುತ್ತು ತಿರುಗಿಸಿದಾಗ ಅವಳು ತಲೆ ಬಗ್ಗಿಸಿದಳು. ನಿನ್ನ ಅಪ್ಪ ಅತ್ತರು, ತಂಗೀ. ಮುಚ್ಚಿಕೊಳ್ಳಲು ಮೀಸೆಯೂ ಇರಲಿಲ್ಲ. ಅಣ್ಣ ಗೊಬ್ಬರದ ಕೋಣೆಗೆ ಹೋಗಿ ಇಲ್ಲದ ಕೆಲಸ ಹುಡುಕಿಕೊಂಡ.

ಹೊರಡುವಾಗ ಒಂದೇ ಮಾತು ಹೇಳಿದರು: "ನನ್ನ ಮಗಳು ಕೈಯಲ್ಲಿ ನನ್ನನ್ನ ಏನಂತ ಕರೀತಾಳೋ ನಂಗೆ ಗೊತ್ತೇ ಇಲ್ಲ. ಕೇಳಲೇ ಇಲ್ಲ ನಾನು." ನಿನಗೆ ತಿಳಿಸಿ ಎಂದು ಅವರು ಹೇಳಲಿಲ್ಲ. ನಾನು ತಿಳಿಸುತ್ತಿದ್ದೇನೆ.

ಕ್ಷೌರದಂಗಡಿಗೆ ಹೋಗಬಾರದಿತ್ತೇ ಎಂದು ನಾನು ಕೇಳಿದೆ. ಅಂಗಡಿಯವನು ಕಾರಣ ಕೇಳುತ್ತಿದ್ದ ಎಂದರು.

ನಿನ್ನ ಅಕ್ಕ,
ನರ್ಸರಿಯವಳು


ನವೆಂಬರ್ ೧೫

ಅಕ್ಕಾ,

ತಡವಾಗಿ ಬರೆಯುತ್ತಿದ್ದೇನೆ, ಊರಿಗೆ ಹೋಗಿದ್ದೆ.

ಬರುತ್ತೇನೆಂದು ಮೊದಲೇ ಒಂದು ಸಾಲು ಬರೆದಿದ್ದೆ, ಅಪ್ಪ ಬಸ್ ನಿಲ್ದಾಣದಲ್ಲಿ ನಿಂತಿದ್ದರು. ಮೀಸೆಯಿಲ್ಲದ ಮುಖ ಗುರುತು ಸಿಕ್ಕಿತು. ಐದು ವರ್ಷ ಹಳೆಯದಾಗಿದೆ ಅಷ್ಟೇ. ಮನೆಯ ಬಾಗಿಲಿಗೆ ಬಂದಾಗ ಅವರು ನನ್ನ ಎಡ ಹೆಗಲಿನ ಮೇಲೆ ಅಂಗೈ ಇಟ್ಟು ಒತ್ತಿದರು, ಮೂರು ಉಸಿರು. ಅದು ಕುದುರೆಗೆ ಹೇಳುವ ಮಾತು, ಮಗಳಿಗಲ್ಲ ಎಂದು ಸ್ಲೇಟಿನಲ್ಲಿ ಬರೆದು ತೋರಿಸಬೇಕು ಅನ್ನಿಸಿತು. ನಿಂತುಕೊಂಡೆ.

ಅವರ ಹೆಸರನ್ನೂ ತೋರಿಸಿದೆ. ಅಮ್ಮನೂ ನಾನೂ ಸೇರಿ ಇಟ್ಟಿದ್ದು: ಎರಡು ಬೆರಳಿನಿಂದ ಮೂಗು ಹಿಡಿದುಕೊಳ್ಳುವುದು. ಯಾವಾಗಲೂ ಲದ್ದಿ ವಾಸನೆ ಬರುತ್ತಿತ್ತಲ್ಲ. ಇಪ್ಪತ್ತು ವರ್ಷ ನಾವಿಬ್ಬರೂ ಊಟಕ್ಕೆ ಕೂತು ಅವರೆದುರೇ ಮೂಗು ಹಿಡಿದು ಅವರ ಮಾತಾಡಿದ್ದೇವೆ. ಅಡುಗೆ ಸೀದಿರಬೇಕು ಎಂದುಕೊಳ್ಳುತ್ತಿದ್ದರಂತೆ. ಹೊಟ್ಟೆ ಹಿಡಿದುಕೊಂಡು ನಕ್ಕರು. ಈಗ ದಿನಕ್ಕೆರಡು ಕೈಮಾತು ಕಲಿಯುತ್ತೇನೆ ಎಂದು ಹಟ ಹಿಡಿದಿದ್ದಾರೆ. ಕೈ ಮರದ ಕೊರಡಿನ ಹಾಗಿದೆ, ಆದರೂ ಕಲಿಯುತ್ತಾರೆ. ನಾನು ಬೈಂಡಿಂಗ್ ಕೆಲಸ ಬಿಡುವುದಿಲ್ಲ, ಭಾನುವಾರ ಹೋಗಿ ಪಾಠ ಒಪ್ಪಿಸಿಕೊಂಡು ಬರುತ್ತೇನೆ. ಮುಂದಿನ ತಿಂಗಳು ಇಬ್ಬರೂ ನಿಮ್ಮಲ್ಲಿಗೆ ಬರುತ್ತೇವೆ. ಅವಳಿಗೆ ಹೇಳಿಡಿ, ಕೈಯಲ್ಲಿ.

ಒಂದು ಮಾತನ್ನು ನಿಮಗೆ ಮಾತ್ರ ಹೇಳುತ್ತೇನೆ. ಹೊರಡುವ ದಿನ ಬೆಳಿಗ್ಗೆ ಅಪ್ಪ ಅಂಗಳಕ್ಕೆ ಹೋಗಿ, ಅಂದು ನಿಂತಿದ್ದ ಜಾಗದಲ್ಲೇ ನಿಂತು, ಕಿಟಕಿಗೆ ಬಾ ಎಂದು ಕೈ ಮಾಡಿದರು. ಬಿಸಿಲು ಅವರ ಮುಖಕ್ಕೆ ನೇರವಾಗಿ ಬೀಳುತ್ತಿತ್ತು. "ತಪ್ಪು ನಂದು. ನೀನು ಈ ಮನೆಗೆ ಬೇಕು" ಎಂದರು. ನಾನು ತಿಳಿಯಲಿಲ್ಲ ಎಂದು ತಲೆಯಾಡಿಸಿದೆ. ಒಂದು ಹೆಜ್ಜೆ ಹತ್ತಿರ ಬಂದು, ತುಟಿ ಬಿಡಿಸಿ ಬಿಡಿಸಿ ಮತ್ತೆ ಹೇಳಿದರು. ಇನ್ನೊಮ್ಮೆ ತಲೆಯಾಡಿಸಿದೆ. ಕಿಟಕಿಯ ಸರಳು ಹಿಡಿದುಕೊಂಡು ಮೂರನೆಯ ಸಲವೂ ಹೇಳಿದರು.

ಮೊದಲನೆಯ ಸಲವೇ ತಿಳಿದಿತ್ತು, ಅಕ್ಕಾ. ಐದು ವರ್ಷಕ್ಕೆ ಮೂರು ಸಲ ಏನೂ ಹೆಚ್ಚಲ್ಲ.

ನಿಮ್ಮ ತಂಗಿ